ರವದಿಗೆ ಉಡಿ ತುಂಬಿದ್ದು

ನನ್ನ ಮೊಮ್ಮಗಳು ಪದ್ಮಾ ಡಾಕ್ಟರ್ ಆದಳು! ಮೊದಲು ಇದನ್ನು ಕೇಳಿಸಿಕೊಳ್ಳಿ, ಉಳಿದದ್ದು ಆಮೇಲೆ. ಸೂಜಿ ಚುಚ್ಚುವ ಡಾಕ್ಟರಲ್ಲ, ರವದಿಯ ಡಾಕ್ಟರು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಸೋಗೆಗೆ ನಾವು ರವದಿ ಎನ್ನುತ್ತೇವೆ. ಬೇಡಕಿಹಾಳದ ನಾವೆಲ್ಲ ಅದಕ್ಕೆ ಕಡ್ಡಿ ಗೀರಿ ಸುಮ್ಮನಾಗುವವರು. ಇವಳು ಅದರ ಹೊಟ್ಟೆಯೊಳಗೆ ಏನಿದೆ ಎಂದು ಧಾರವಾಡದಲ್ಲಿ ಐದು ವರ್ಷ ಕೂತು ನೋಡಿದಳು. ಅದರಲ್ಲಿ ಒಂದು ವರ್ಷ ಹಾಳಾದದ್ದು ನನ್ನಿಂದ. ಇವತ್ತು ಸಂತೋಷ ಉಕ್ಕಿ ಹರಿಯುತ್ತಿದೆ, ಒಪ್ಪಿಕೊಂಡುಬಿಡುತ್ತೇನೆ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಅವಳೇ ಒಮ್ಮೆ ಒಲೆಯ ಮುಂದೆ ಕೂತು ತಿಳಿಸಿದ್ದಳು. "ಆಯಿ, ಸೆಲ್ಯುಲೋಸ್ ಅಂದ್ರ ಸಕ್ಕರಿ ಮಣಿ ಪೋಣಿಸಿದ ಉದ್ದನ್ನ ಸರ. ಹೆಮಿಸೆಲ್ಯುಲೋಸ್ ಅದರ ಸುತ್ತ ಹೆಣಕೊಂಡ ಗಿಡ್ಡ ಸರ. ಲಿಗ್ನಿನ್ ಇವನ್ನೆಲ್ಲಾ ಗಟ್ಟಿ ಹಿಡಿಯೋ ಅಂಟು. ಅದಕ್ಕ ಕಬ್ಬು ನೆಟ್ಟಗ ನಿಲ್ಲತೈತಿ."

"ಸಕ್ಕರಿ ಐತಿ ಅಂದ್ರ ರವದಿ ಯಾಕ ಸೀ ಹತ್ತಂಗಿಲ್ಲ?"

"ಸರ ಹರದ್ರ ಸೀ. ಆದ್ರ ಆ ಲಿಗ್ನಿನ್ ಹಿಡಿದದ್ದು ಬಿಡಂಗಿಲ್ಲ, ನಿನ್ನಂಗ!" ಎಂದು ನಕ್ಕಳು.

ಪರೀಕ್ಷೆಗೆ ನಮ್ಮ ಹೊಲದ ರವದಿ ಒಂದು ಚೀಲ ಬೇಕೆಂದಳು. ಚೀಲ ತುಂಬಿ ಬಾಗಿಲಲ್ಲಿಟ್ಟಾಗ ನನಗೆ ಸುಮ್ಮನಿರಲಾಗಲಿಲ್ಲ. ಮನೆಮಗಳನ್ನು ಬರಿ ಉಡಿಯಲ್ಲಿ ಕಳಿಸುವ ರೂಢಿ ನಮ್ಮಲ್ಲಿಲ್ಲ. ಹೊಲದ ಲಕ್ಷ್ಮಿಯನ್ನು ಹಾಗೆ ಕಳಿಸಬಹುದೇ? ಯಾರೂ ಇಲ್ಲದಾಗ ಚೀಲಕ್ಕೆ ಅರಿಷಿಣ ಕುಂಕುಮ ಹಚ್ಚಿ, ಒಳಗೆ ಎರಡು ಹಿಡಿ ಪುಡಿ ಬೆಲ್ಲ ಹಾಕಿದೆ.

ಕೆಲವು ದಿನಕ್ಕೆ ಫೋನು ಬಂತು. "ಆಯಿ, ನಮ್ಮ ರವದಿ ನೆನೆಸಿದ ನೀರಾಗ ಇರಬಾರದಷ್ಟು ಸಕ್ಕರಿ ಬಂದೈತಿ! ನಮ್ಮ ಸರ್ ಗಾಬರಿ ಆಗ್ಯಾರ." ನಮ್ಮ ಹೊಲದ ಕಸವೂ ಸಿಹಿ ಎಂದು ನಾನು ಓಣಿಯೆಲ್ಲ ಹೇಳಿಕೊಂಡು ಬಂದೆ. ಎರಡು ತಿಂಗಳ ಮೇಲೆ ಫೋನಿನಲ್ಲಿ ಅವಳಿಗೆ ಬೆಲ್ಲದ ವಿಷಯ ಬಾಯಿಬಿಟ್ಟೆ. ಅಷ್ಟು ದಿನದ ಕೆಲಸ ತಿಪ್ಪೆಗೆ ಹೋಯಿತು. ಹೊಸ ರವದಿಗೆ ಮುಂದಿನ ಕಟಾವು ಬರಬೇಕಿತ್ತು. ಆ ವರ್ಷ ದೀಪಾವಳಿಗೂ ಅವಳು ಬರಲಿಲ್ಲ. ಅವಳ ಹಾಸಿಗೆಯ ಚಾದರವನ್ನು ವಾರಕ್ಕೊಮ್ಮೆ ಒಗೆದು ಹಾಸುತ್ತಿದ್ದೆ. ಯಾರೂ ಮಲಗದ ಚಾದರ ಎಷ್ಟು ಹೊಲಸಾದೀತು? ಸೊಸೆ ಕೇಳಿದರೆ ಧೂಳು ಎನ್ನುತ್ತಿದ್ದೆ.

ನಾವು ಜೈನರು. ಹೊತ್ತು ಮುಳುಗಿದ ಮೇಲೆ ನಾನು ನೀರನ್ನೂ ಮುಟ್ಟುವುದಿಲ್ಲ. ಈ ಐದು ವರ್ಷ ಅವಳು ಬಂದಾಗಲೆಲ್ಲ ಕತ್ತಲಾದ ಮೇಲೆ ಬಂದು ನಸುಕಿನಲ್ಲೇ ಹೋದವಳು. ಅವಳು ಉಣ್ಣುವುದನ್ನು ನೋಡುತ್ತ ಕೂರುವುದಷ್ಟೇ ನನ್ನ ಪಾಲು. ಇವತ್ತಾದರೂ ಜೊತೆಗೆ ಕೂತು ಉಣ್ಣಬೇಕೆಂದು ಕಟ್ಟೆಯ ಮೇಲೆ ಕಾಯುತ್ತಿದ್ದೆ.

"ಅವ್ವಾ, ನೀ ಉಂಡಬಿಡು. ಬಸ್ ಈಗ ಚಿಕ್ಕೋಡಿ ಬಿಟ್ಟೈತಂತ," ಎಂದ ಮಗ.

"ನೀ ಉಣ್ಣಪಾ, ನನಗ ಹಸಿವಿಲ್ಲ," ಎಂದೆ. ಹೊಟ್ಟೆ ಚುರುಗುಡುತ್ತಿತ್ತು.

ಸೂರ್ಯ ಕಬ್ಬಿನ ತುದಿಗೆ ಒಂದು ಗೇಣಿದ್ದಾಗ ಪದ್ಮಾ ಚೀಲ ಹೊತ್ತು ಓಡಿಬಂದಳು. "ಆಯಿ, ಹೊತ್ತು ಇನ್ನೂ ಐತಿ, ಲಗೂನ ತಾಟ ಹಾಕು!"

ಮಗ, ಸೊಸೆ, ಅವಳು, ನಾನು ಒಂದೇ ಸಾಲಿನಲ್ಲಿ ಕೂತೆವು. ಡಾಕ್ಟರು ಮೊದಲ ತುತ್ತು ಹೋಳಿಗೆ ಬಾಯಿಗಿಟ್ಟು, ನನ್ನ ಮುಖ ನೋಡಿ ಹೇಳಿದಳು:

"ಆಯಿ, ಬೆಲ್ಲ ಕಡಿಮಿ ಆಗೈತಿ."