ನೋಟಿಸ್ ಬೋರ್ಡಿಗೆ ಬಾಯಿ ಬಂದದ್ದು

ಸರ್ಕಾರಿ ನೋಟಿಸು ಗೋಡೆಯ ಮೇಲೆ ಸುಮ್ಮನೆ ತೂಗುತ್ತಿರುವಷ್ಟು ದಿನ ಯಾರಿಗೂ ನಗು ಬರುವುದಿಲ್ಲ. ಅದನ್ನು ಎಲ್ಲರಿಗೂ ಮುಟ್ಟಿಸುತ್ತೇನೆಂದು ಹೊರಟು ನೋಡಿ, ಹೆಜ್ಜೆಗೊಂದು ಪ್ರಸಂಗ ಕಾದು ಕುಳಿತಿರುತ್ತದೆ.

ನಾನು ಹುನಗುಂದದಲ್ಲಿ ಶಾಲಾ ಶಿಕ್ಷಕಿ, ಊರವರ ಬಾಯಲ್ಲಿ 'ಅಕ್ಕೋರು'. ನಮ್ಮ ಮನೆಯವರಿಗೆ ಕೊನೆಯ ವರ್ಷಗಳಲ್ಲಿ ಕಣ್ಣು ಹೋಗಿತ್ತು. ಯಾವುದೇ ಕಚೇರಿಗೆ ಹೋದರೂ ಬೋರ್ಡಿನ ಮುಂದೆ ನಿಂತು, "ಒಂದಕ್ಷರ ಬಿಡದ ಓದು. ಬೇಕೋ ಬ್ಯಾಡೋ ನಾ ನೋಡ್ಕೋತೇನಿ" ಅನ್ನುತ್ತಿದ್ದರು. ಅವರು ತೀರಿಕೊಂಡ ಮೇಲೂ ಬೋರ್ಡು ಕಂಡಲ್ಲಿ ನನ್ನ ಕಾಲು ನಿಲ್ಲುತ್ತದೆ.

ಹಾಗೆ ಒಮ್ಮೆ ನಮ್ಮೂರಿನ ಬಸ್ ಪಾಸ್ ಕಚೇರಿಯಲ್ಲಿ ನಿಂತಿದ್ದಾಗ ಸಿಕ್ಕವರು ಹೊರಸಿಗೆ, ಅಂದರೆ ಮಂಚಕ್ಕೆ, ಹಗ್ಗ ಹೆಣೆಯುವ ಅಣ್ಣ. ಹುಟ್ಟಿನಿಂದ ಕಣ್ಣಿಲ್ಲ, ಬಸ್ಸಿನಲ್ಲಿ ಊರೂರು ತಿರುಗಿ ಹೆಣೆದು ಬದುಕುವವರು. ಹೋದ ವರ್ಷ ಅಂಗವಿಕಲರ ಬಸ್ ಪಾಸಿನ ನೋಟಿಸನ್ನು ಯಾರೂ ಓದಿ ಹೇಳದೆ ಗಡುವು ಮುಗಿದು, ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದರಂತೆ.

"ಈ ಸಲ ಮಂದಿ ಕೈಕಾಲು ಹಿಡಿಯಂಗಿಲ್ರಿ ಅಕ್ಕೋರ. ನನಗ ನಾನಽ ತಿಳ್ಕೊಂಡು ಪಾಸ್ ಮಾಡಿಸ್ಬೇಕು" ಅಂದರು. ನಾವು ಕೆಲವು ಶಿಕ್ಷಕರು ಸೇರಿ, ಕಚೇರಿಯ ಸಾಹೇಬರ ಒಪ್ಪಿಗೆ ಪಡೆದು ಕೆಲಸ ಶುರು ಮಾಡಿದೆವು.

೧. ಗಾಜು

ಪಾಸಿನ ನಿಯಮಗಳನ್ನು ಬಾಗಲಕೋಟೆಯಲ್ಲಿ ಬ್ರೈಲ್ ಲಿಪಿಯಲ್ಲಿ ದಪ್ಪ ಹಾಳೆಯ ಮೇಲೆ ಹಾಕಿಸಿದೆವು. ಕೈಗೆ ಎಟಕುವ ಎತ್ತರದಲ್ಲೇ ತೂಗುಹಾಕಬೇಕು ಎಂದು ಕಚೇರಿಯ ಸಿಪಾಯಿಗೆ ಮತ್ತೆ ಮತ್ತೆ ಹೇಳಿ ಬಂದೆ. ಅವನು ದೈವಭಕ್ತ. ಎತ್ತರ ಸರಿಯಾಗಿಯೇ ಇತ್ತು. ಆದರೆ ಹಾಳೆಗೆ ಕಟ್ಟು ಹಾಕಿಸಿ, ಮೇಲೆ ಗಾಜು ಕೂಡಿಸಿ, ಗಾಜಿಗೆ ಮೂರೆಳೆ ವಿಭೂತಿ ಬಳಿದು, ಚೆಂಡು ಹೂವಿನ ಮಾಲೆ ತೊಡಿಸಿದ್ದ.

"ಗಾಜು ಯಾಕಪಾ?"

"ಇಲ್ಲಾಂದ್ರ ಮಂದಿ ಕೈ ಹಚ್ಚತಾರ್ರಿ ಅಕ್ಕೋರ!"

ಅಷ್ಟರಲ್ಲಿ ಅಣ್ಣನವರು ಗಾಜಿನ ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿ ಮುಗಿಸಿದ್ದರು. ಬೆರಳಿಗೆ ಹತ್ತಿದ ವಿಭೂತಿಯನ್ನು ಹಣೆಗೆ ಹಚ್ಚಿಕೊಂಡು ಅಂದರು: "ದರ್ಶನ ಚಲೋ ಆತು. ನೋಟಿಸ್ ಎಲ್ಲೈತ್ರಿ?"

೨. ಮಗ್ಗದ ಶೆಡ್ಡು

ಗಾಜು ತೆಗೆಸಿದೆವು. ಅದರ ಒತ್ತಿಗೆ ಚುಕ್ಕೆಗಳೆಲ್ಲ ಚಪ್ಪಟೆಯಾಗಿದ್ದವು. ಹೊಸ ಹಾಳೆಗೆ ಹೇಳಿಕಳಿಸಿ, ಅದು ಬರುವುದರೊಳಗೆ ಕಿವಿ ಕೇಳದವರಿಗೂ ವಿಷಯ ಮುಟ್ಟಿಸೋಣ ಎಂದು ಸಾಹೇಬರ ಜೊತೆ ಇಳಕಲ್ಲಿಗೆ ಹೋದೆವು. ಅಲ್ಲಿ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಕಿವಿ ಕೇಳದ, ಮಾತು ಬಾರದ ಹೆಣ್ಣುಮಗಳೊಬ್ಬಳು ನೇಯುತ್ತಾಳೆ.

ಮಗ್ಗಗಳು ನಡೆಯುವಾಗ ಆ ಸಪ್ಪಳದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ನೇಕಾರರೆಲ್ಲ ಕೈಸನ್ನೆಯಲ್ಲೇ ಹರಟುತ್ತಾರೆ. ಇದು ತಿಳಿಯದ ಸಾಹೇಬರು ಎರಡೂ ಕೈ ಬೀಸುತ್ತ, ಕೊರಳ ನರ ಉಬ್ಬುವಂತೆ "ಪಾಸ್! ಬಸ್ ಪಾಸ್!" ಎಂದು ಕೂಗಿದರು. ಅವಳು ಮರುಕದಿಂದ ಅವರ ತುಟಿಗಳನ್ನೇ ನೋಡಿ, ಪಕ್ಕದ ಮಗ್ಗದವನಿಗೆ ಏನೋ ಸನ್ನೆ ಮಾಡಿದಳು. ಅವನು ಮಗ್ಗ ನಿಲ್ಲಿಸಿ ಬಂದ.

"ಏನಂತಾಳ?" ಎಂದರು ಸಾಹೇಬರು.

"ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ. 'ಪಾಪ, ಇವರಿಗೆ ಯಾವಾಗಿಂದ ಕಿವಿ ಕೇಳಂಗಿಲ್ಲ? ಇವರದಾದ್ರೂ ಪಾಸ್ ಆಗೇತಿಲ್ಲೋ?' ಅಂತ ಕೇಳಾಕತ್ತಾಳ್ರಿ."

ಮೊದಲು ನಕ್ಕವರು ಸಾಹೇಬರೇ. ಈಗ ಕಚೇರಿಯ ಟಿವಿಯಲ್ಲಿ ಸನ್ನೆ ಮಾಡಿ ನಿಯಮ ತಿಳಿಸುವವಳು ಅವಳೇ.

೩. ದೊಡ್ಡವರ ಭಾಷಣ

ನಡುವಯಸ್ಸಿನಲ್ಲಿ ಕಣ್ಣು ಹೋದವರಿಗೆ ಬ್ರೈಲ್ ಬರುವುದಿಲ್ಲ. ನಮ್ಮ ಮನೆಯವರಿಗೂ ಬರುತ್ತಿರಲಿಲ್ಲ. ಅಂಥವರಿಗಾಗಿ ಗುಂಡಿ ಒತ್ತಿದರೆ ನೋಟಿಸು ಹೇಳುವ ಡಬ್ಬಿಯೊಂದನ್ನು ಮಾಡಿಸಿದೆವು. ದನಿ ನನ್ನದು. "ಅರ್ಹ ಫಲಾನುಭವಿಗಳು ಅಗತ್ಯ ದಾಖಲಾತಿಗಳೊಂದಿಗೆ..." ಎಂದು ಒಂದಕ್ಷರವೂ ಬಿಡದೆ ಓದಿದ್ದೆ.

ಬಾದಾಮಿಯ ಕಚೇರಿಯೊಂದರಲ್ಲಿ ಮೊದಲು ಪರೀಕ್ಷೆ ಮಾಡಿದೆವು. ಕಣ್ಣು ಮಂಜಾದ ಅಜ್ಜಿಯೊಬ್ಬರು ಪಾಸಿನ ವಿಚಾರ ಕೇಳಲು ಬಂದಿದ್ದರು. ಗುಂಡಿ ಒತ್ತಿದೆ. ಅಜ್ಜಿ ತಟ್ಟನೆ ಎದ್ದು, ಸೆರಗು ಸರಿಮಾಡಿಕೊಂಡು, ಕೈಮುಗಿದು ನಿಂತರು.

"ಕುಂದರ್ರಿ ಯಮ್ಮಾ, ಪಾಸಿಂದ ಹೇಳಾಕತ್ತೇತಿ" ಅಂದೆ.

"ತಡಿಯವ್ವಾ. ಬೆಂಗಳೂರಿಂದ ಯಾರೋ ದೊಡ್ಡವರು ಮಾತಾಡಾಕತ್ತಾರ. ಅವರದು ಮುಗೀಲಿ, ಆಮ್ಯಾಲ ಪಾಸಿಂದು ಕೇಳೂಣು."

೪. ಇಬ್ಬರು ಅಕ್ಕೋರು

ಮತ್ತೆ ಕೂತು ಡಬ್ಬಿಗೆ ನಮ್ಮ ಮಾತಿನಲ್ಲೇ ಹೇಳಿದೆ: "ಬಸ್ ಪಾಸ್ ಬೇಕಾದವರು ಆಧಾರ್ ಕಾರ್ಡು, ಅಂಗವಿಕಲರ ಕಾರ್ಡು, ಫೋಟೋ ತಗೊಂಡು ಬರ್ರಿ." ವಿಷಯ ಒಂದೂ ಬಿಡಲಿಲ್ಲ. ಹುನಗುಂದದ ಕಚೇರಿಯಲ್ಲಿ ಡಬ್ಬಿ ಕೂಡಿಸಿದ ದಿನ, ಗಡುವು ಹತ್ತಿರ ಬಂದಿತ್ತು; ಹೊಸ ಬ್ರೈಲ್ ಹಾಳೆ ಇನ್ನೂ ಬಂದಿರಲಿಲ್ಲ. ಅಣ್ಣನವರು ಕೋಲೂರುತ್ತ ಒಬ್ಬರೇ ಬಂದು ಗುಂಡಿ ಒತ್ತಿದರು.

ಈ ವರ್ಷವೂ ಅವರ ಪಾಸು ತಪ್ಪಿದರೆ? ತಡೆಯಲಾಗದೆ, "ಅಣ್ಣಾರ, ಫೋಟೋ ಅಂದ್ರ ಹಳೇದಲ್ಲ..." ಎಂದು ಶುರುಮಾಡಿದೆ.

ಅವರು ಕೈ ಎತ್ತಿದರು. "ಸುಮ್ಮನಿರ್ರಿ ಅಕ್ಕೋರ. ಅಕ್ಕೋರು ಹೇಳಾಕತ್ತಾರ."

ನಾನು ಹಿಂದೆ ಸರಿದೆ. ಅವರು ಪೂರ್ತಿ ಕೇಳಿ ಹೊರಟುಹೋದರು. ಮರುದಿನ ಎಲ್ಲ ಕಾಗದ ಹಿಡಿದು ನೇರ ಕಿಟಕಿಯ ಮುಂದೆ ನಿಂತರು. ಗುಮಾಸ್ತರು ಎಲ್ಲವನ್ನೂ ತಿರುವಿ ನೋಡಿದರು. ಒಂದೂ ಕಡಿಮೆ ಇರಲಿಲ್ಲ. ಪಾಸು ಅವರ ಕೈಗೆ ಬಂತು.

ಹಿಂದಿನ ಬೆಂಚಿನಲ್ಲಿ ಕೂತಿದ್ದ ನನ್ನನ್ನು ಕಂಡು ಗುಮಾಸ್ತರು, "ಎಲ್ಲಾ ಬರೋಬ್ಬರಿ ತಂದೀರಲ್ಲ! ಅಕ್ಕೋರು ಕುಂದ್ರಿಸಿ ಹೇಳಿಕೊಟ್ರೇನು?" ಎಂದು ಕೇಳಿದರು.

"ಡಬ್ಬಿಯೊಳಗಿನ ಅಕ್ಕೋರು ಹೇಳಿಕೊಟ್ರು" ಎಂದರು ಅಣ್ಣನವರು, ಪಾಸನ್ನು ಅಂಗಿಯ ಒಳಕಿಸೆಗೆ ಇಳಿಸುತ್ತ. "ಹೊರಗಿನ ಅಕ್ಕೋರು ನಡುವ ಬಾಯಿ ಹಾಕಾಕ ಬಂದಿದ್ರು. ನಾ ಬಿಡಲಿಲ್ಲ."