ಉದ್ದ ಗುಂಡಿಯ ಠಕ್

ಹೆದರುವವನ ಮನೆಯಲ್ಲೇ ಸಾಮಾನುಗಳು ಕೆಡುವುದು. ಆ ಸೋಮವಾರ ಎಂದಿನಂತೆ ಏಳನೇ ತರಗತಿಯ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿದ್ದೆ. ಪದಗಳ ನಡುವೆ ಜಾಗ ಬಿಡುವ ಉದ್ದ ಗುಂಡಿ ಅರ್ಧಕ್ಕೇ ನಿಂತಿತು. ಕೀಬೋರ್ಡ್ ನನ್ನ ಹೆಂಡತಿಯದು. ಗುಂಡಿಗಳ ಕೆಳಗಿನ ಸ್ವಿಚ್ಚುಗಳನ್ನು ಒಂದೊಂದಾಗಿ ಬಿಚ್ಚಿ, ಹದ ಮಾಡಿ ಅವಳೇ ಜೋಡಿಸಿದ್ದು. ಆ ಉದ್ದ ಗುಂಡಿಯ ‘ಠಕ್’ ಅಡುಗೆಮನೆಗೂ ಕೇಳುತ್ತಿತ್ತು. ಅವಳು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದ ಅವಳ ಸದ್ದು ಅದೊಂದೇ. ಅದೂ ಹೋಯಿತೇ ಎಂದು ಮತ್ತೆ ಮತ್ತೆ ಒತ್ತಿ ನೋಡಿದೆ.

ಪ್ರಶ್ನೆಪತ್ರಿಕೆ ನೋಡಿದ ಮುಖ್ಯೋಪಾಧ್ಯಾಯರು, “ಏನ್ರೀ ಮೇಷ್ಟ್ರೇ, ಪದಗಳೆಲ್ಲ ಗೂಡ್ಸ್ ಗಾಡಿ ಥರ ಒಂದಕ್ಕೊಂದು ತಗಲಿಕೊಂಡಿವೆ. ಮಕ್ಕಳು ಉತ್ತರ ಬರೀಬೇಕೋ, ಬಾವುಟ ತೋರಿಸ್ಬೇಕೋ?” ಎಂದರು.

೧. ಅಂಗಡಿ

ಕೆಟ್ಟ ಸ್ವಿಚ್ಚನ್ನು ಕಿತ್ತು ಕರ್ಚೀಫಿನಲ್ಲಿ ಸುತ್ತಿ, ಜೇಬಿನ ಮೇಲೆ ಕೈಯಿಟ್ಟುಕೊಂಡೇ ಅರಸೀಕೆರೆಯ ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ. ಅಂಗಡಿಯವರು ತಿರುಗಿಸಿ ಮುರುಗಿಸಿ ನೋಡಿದರು.

“ಇದು ಯಾವ್ದುಕ್ಕೆ ಸಾರ್?”

“ಟೈಪ್ ಮಾಡೋಕೆ. ಸದ್ದು ಮೊದಲಿನ ಥರಾನೇ ಬರಬೇಕು.”

“ಸದ್ದು ತಾನೇ?” ಅವರು ಒಂದು ಕಾಲಿಂಗ್ ಬೆಲ್ ತೆಗೆದಿಟ್ಟರು. “ಇದ್ರಲ್ಲಿ ಹಕ್ಕಿ ಕೂಗೂ ಐತೆ, ಓಂ ನಮಃ ಶಿವಾಯನೂ ಐತೆ.”

೨. ಕಾಲು

ಆನ್‌ಲೈನಿನಲ್ಲಿ ತರಿಸಿದ ಎರಡು ಸ್ವಿಚ್ಚುಗಳಿಗೆ ಐದೈದು ಕಾಲು. ನಮ್ಮ ಬೋರ್ಡಿಗೆ ಮೂರೇ ತೂತು. ಎರಡು ಪ್ಲಾಸ್ಟಿಕ್ ಕಾಲು ಕತ್ತರಿಸಬೇಕು. ಒಬ್ಬನಿಗೇ ಧೈರ್ಯ ಸಾಲದೆ ಹಳೇಬೀಡಿನಲ್ಲಿರುವ ನನ್ನ ಹೆಂಡತಿಯ ತಂಗಿಯ ಮನೆಗೆ ಹೋದೆ. ನೇಲ್‌ಕಟರ್ ಹಿಡಿದು, ದೇವರನ್ನು ನೆನೆದು ಕತ್ತರಿಸಿದೆ. ಹಾರಿದ್ದು ಕರೆಂಟ್ ಹರಿಯುವ ತಾಮ್ರದ ಕಾಲು.

“ಭಾವ, ಕಣ್ಣು ಮುಚ್ಕೊಂಡಿದ್ರಾ?”

“ಹೆದರಿಕೆಯಾಯ್ತು.”

“ನಮ್ಮೂರಲ್ಲಿ ಕೈಕಾಲು ಮುರಿದು ನಿಂತಿರೋ ವಿಗ್ರಹಗಳು ಸಾಲ್ದು ಅಂತ ಇದೊಂದು ತಂದ್ರಾ? ಕೊಡಿ ಇಲ್ಲಿ.”

ಇನ್ನೊಂದು ಸ್ವಿಚ್ಚಿನ ಕಾಲುಗಳನ್ನು ಅವಳೇ ಕತ್ತರಿಸಿದಳು.

೩. ಎಣ್ಣೆ

ಅವಳು ಕತ್ತರಿಸಿಕೊಟ್ಟ ಸ್ವಿಚ್ಚು ಸರಿಯಾಗಿ ಕೂತಿತು. ಆದರೆ ಒತ್ತಿದರೆ ಕರಕರ. ಜಾರಲು ಏನಾದರೂ ಹಚ್ಚಬೇಕೆಂದು ಮೊಬೈಲಿನಲ್ಲಿ ನೋಡಿದ ಒಂದು ವಿಡಿಯೋದಲ್ಲಿ ಹೇಳಿದ್ದರು. ತೆಂಗಿನ ಸೀಮೆಯವನು ನಾನು. ಗಾಣದ ಕೊಬ್ಬರಿ ಎಣ್ಣೆ ಬಿಟ್ಟೆ. ಆ ಸಂಜೆ ಗುಂಡಿ ಬೆಣ್ಣೆಯಂತೆ ಇಳಿಯಿತು. ಮಾರ್ಗಶಿರದ ಚಳಿ. ಬೆಳಗ್ಗೆ ನೋಡಿದರೆ ಎಣ್ಣೆ ಹೆಪ್ಪುಗಟ್ಟಿ ಗುಂಡಿ ಕಲ್ಲಾಗಿತ್ತು. ಕೀಬೋರ್ಡನ್ನು ಅಂಗಳದ ಬಿಸಿಲಿಗಿಟ್ಟು, ಕಾಗೆ ಎತ್ತಿಕೊಂಡು ಹೋದೀತೆಂದು ಕೋಲು ಹಿಡಿದು ಕೂತೆ.

ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ನಿಂತು ನೋಡಿದರು. “ಮೇಷ್ಟ್ರೇ, ಕೊಬ್ರಿ ಒಣಗ್ಸೋದು ಗೊತ್ತು. ಇದ್ಯಾವ್ದು ಹೊಸಾ ಬೆಳೆ?”

೪. ಹಳೆಯದು

ಬಿಸಿಲಿಗೆ ಕರಗಿದ ಎಣ್ಣೆ ರಾತ್ರಿ ಮತ್ತೆ ಗಟ್ಟಿಯಾಯಿತು. ಉಳಿದ ದಾರಿ, ಹಳೆಯ ಸ್ವಿಚ್ಚನ್ನೇ ಬಿಚ್ಚಿ ನೋಡುವುದು. ಅವಳ ಕೈ ಮುಚ್ಚಿದ್ದನ್ನು ತೆರೆಯಲು ಹೆದರಿಯೇ ನಾನು ಇಷ್ಟೆಲ್ಲ ಅಲೆದದ್ದು. ಮುರಿದರೆ ಆ ಸದ್ದು ಇನ್ನಿಲ್ಲ.

ನಾದಿನಿ ನಮ್ಮ ಮನೆಗೇ ಬಂದಳು. ಹೇರ್‌ಪಿನ್ನಿನಿಂದ ಮೆಲ್ಲಗೆ ಮುಚ್ಚಳ ಎಬ್ಬಿಸಿದಳು. ನಾನು ಈ ಸಲವೂ ಕಣ್ಣು ಮುಚ್ಚಿದೆ.

“ಕಣ್ಣು ಬಿಡಿ ಭಾವ, ಏನೂ ಮುರಿದಿಲ್ಲ.”

ಒಳಗಿನ ಕಡ್ಡಿಗೆ ಉದ್ದನೆಯ ಒಂದು ಕೂದಲು ಸುತ್ತಿಕೊಂಡಿತ್ತು. ಅದನ್ನು ಬಿಡಿಸಿ, ಮುಚ್ಚಳ ಹಾಕಿ, ಸ್ವಿಚ್ಚನ್ನು ಕೂರಿಸಿ ಗುಂಡಿ ಒತ್ತಿದಳು.

ಠಕ್.

ನಾನೂ ಒಮ್ಮೆ ಒತ್ತಿದೆ. ಆಮೇಲೆ ಅವಳು ಮೂಗೊರೆಸಿಕೊಂಡು ನನ್ನ ಮೇಲೆ ರೇಗಿದಳು: “ಅಕ್ಕನ ಕೆಲ್ಸದಲ್ಲಿ ತಪ್ಪೇ ಇರಲ್ಲ. ನಿಮ್ಮ ಕೂದ್ಲೇ ಬಿದ್ದಿರ್ಬೇಕು!”

ನಾನು ಮಂಕಿ ಕ್ಯಾಪ್ ತೆಗೆದೆ. ನನ್ನ ತಲೆ ಬೋಳು.