ಬಲ ಅಂದ್ರೆ ಎಂತ?

ಬೆಳಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ್ದೇ ಸುಂದರನ ತಪ್ಪು. ಕರೆಂಟಿಲ್ಲದೆ ನಿಂತಿದ್ದ ಫ್ಯಾನು, ಗೋಡೆ, ಕಪಾಟು ಎಲ್ಲವೂ ಗಿರ್ರನೆ ತಿರುಗಿದವು. ಮಧ್ಯಾಹ್ನ ಅವನಿಗೆ ಡ್ರೈವಿಂಗ್ ಪರೀಕ್ಷೆ. ಹಿಂದೆ ಎರಡು ಸಲ ಫೇಲು. ಹೆಂಡತಿ ಸ್ವರ್ಣಲತಾ ಮೊದಲ ಸಲವೇ ಪಾಸಾಗಿ, ಅಲೆವೂರಿಗೆ ಅಲೆವೂರೇ ನೋಡುವಂತೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಾಡುತ್ತಿದ್ದಳು. ಅವನಿಗೆ ನಾಚಿಕೆಯಾಗುತ್ತಿತ್ತು.

“ರಿವರ್ಸ್ ಹೋಗುವಾಗ ಹಿಂದೆ ತಿರುಗಿ ನೋಡ್ಬೇಕು. ನಿಮಗೆ ಹಾಸಿಗೆಯಲ್ಲೇ ತಿರುಗ್ಲಿಕ್ಕೆ ಆಗುವುದಿಲ್ಲ,” ಎಂದು ಅವಳು ಮಣಿಪಾಲದ ಆಸ್ಪತ್ರೆಗೆ ಕಾರು ಬಿಟ್ಟಳು. ಕರೆಯದಿದ್ದರೂ ನೆರೆಮನೆಯ ಅಲೋಶಿಯಸ್ ಹಿಂದಿನ ಸೀಟಿನಲ್ಲಿದ್ದರು.

ಡಾಕ್ಟರು ದಾವಣಗೆರೆ ಕಡೆಯವರು. “ಕಿವಿಯೊಳಗಿನ ಸಣ್ಣ ಹರಳುಗಳು ಜಾಗ ತಪ್ಪಿವೆ. ತಲೆಯನ್ನು ಕ್ರಮವಾಗಿ ತಿರುಗಿಸಿದರೆ ವಾಪಸು ಹೋಗ್ತವೆ.”

“ಹಾಗಾದ್ರೆ ಸ್ವಲ್ಪ ಕುಲುಕಿದ್ರೆ ಸಾಕಲ್ವಾ?” ಎಂದರು ಅಲೋಶಿಯಸ್. ಡಾಕ್ಟರು ಅವರನ್ನು ಹೊರಗೆ ಕಳುಹಿಸಿದರು.

ಸುಂದರನನ್ನು ಮಲಗಿಸಿ, ತಲೆಯನ್ನು ಮಂಚದ ಅಂಚಿನಾಚೆ ಇಳಿಸಿ, ಬಲಕ್ಕೆ ತಿರುಗಿಸಿದರು. ಲೋಕವೇ ಬುಗುರಿಯಾಯಿತು. ಅವನು ಕಣ್ಣು ಮುಚ್ಚಿದ. ತಲೆ ನಡುವಿಗೆ ಜಾರಿತು.

“ಬಲ! ಬಲ!” ಎಂದರು ಡಾಕ್ಟರು.

ತಲೆ ತಿರುಗುವಾಗ ಮನುಷ್ಯನಿಗೆ ಒದಗುವುದು ಮನೆಮಾತು ಮಾತ್ರ. ತುಳುವಿನಲ್ಲಿ ‘ಬಲ’ ಎಂದರೆ ‘ಬಾ’. ಸುಂದರ ವಿಧೇಯನಾಗಿ ಎದ್ದು ಬಂದ. ಹಣೆ ಡಾಕ್ಟರ ಎದೆಗೆ ಬಡಿಯಿತು. ಬಾಗಿಲು ತೆರೆದು ಅಲೋಶಿಯಸರೂ ಬಂದರು. “ಕರೆದ್ರಾ?”

ಮತ್ತೆ ಮಲಗಿಸಿದರು. ಈ ಸಲ ಎಲ್ಲ ಸರಿಹೋಗಿ, ಎದ್ದು ಕೂತಾಗ ಲೋಕ ನಿಂತಿತ್ತು. ಮಧ್ಯಾಹ್ನದವರೆಗೆ ಕೂರಿಸಿ, ಇನ್ನೊಮ್ಮೆ ಪರೀಕ್ಷಿಸಿ, ಅಡ್ಡಿಯಿಲ್ಲವೆಂದು ಬಿಟ್ಟರು.

ಅಲೋಶಿಯಸ್ ಮಾತ್ರ ಬಿಡಲಿಲ್ಲ. “ಮರ್ಯಾದೆ ತೆಗೆದೆಯಲ್ಲ ಮಾರಾಯ! ಬಲ ಅಂದ್ರೆ ಎಂತ?”

“ರೈಟು.”

“ಇನ್ನೊಮ್ಮೆ ಹೇಳು. ಬಲ ಅಂದ್ರೆ?”

“ರೈಟು!”

ಪರೀಕ್ಷೆಯ ಮೈದಾನ ತಲುಪುವಷ್ಟರಲ್ಲಿ ಸುಂದರನಿಗೆ ಅದು ನಿದ್ದೆಯಲ್ಲೂ ತಪ್ಪದಷ್ಟು ಬಾಯಿಪಾಠವಾಗಿತ್ತು.

ಪರೀಕ್ಷೆಯಲ್ಲಿ ಮುಂದಕ್ಕೆ ಹೋದದ್ದು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ರಿವರ್ಸ್ ಹಾಕಿ ಹಿಂದೆ ತಿರುಗಿದ. ದಾರಿಯ ಎರಡೂ ಬದಿ ನೆಟ್ಟ ಕಂಬಗಳು ನಿಂತಲ್ಲೇ ನಿಂತಿದ್ದವು. ಸಂತೋಷಕ್ಕೆ ಅವನ ಕಣ್ಣು ತುಂಬಿತು.

ಇನ್‌ಸ್ಪೆಕ್ಟರು ಬೆಳ್ಮಣ್ಣಿನವರು. ಅಲೆವೂರಿನ ಹುಡುಗನೆಂಬ ಪ್ರೀತಿಗೆ ಕನ್ನಡ ಬಿಟ್ಟು ತುಳುವಿಗಿಳಿದು, ಕಾರಿನ ಹಿಂದೆ ಗೆರೆಯಾಚೆ ನಿಂತು ಕೈಬೀಸಿ ಕರೆದರು: “ಬಲ… ಬಲ… ಬಲ…”

ಸುಂದರ ಬಲಕ್ಕೆ ತಿರುಗಿಸಿದ. ಮತ್ತೆ ಕೇಳಿಸಿತು, ಮತ್ತಷ್ಟು ತಿರುಗಿಸಿದ. ಅವರು ಕಿರುಚುವ ಹೊತ್ತಿಗೆ ಆ ಬದಿಯ ಕಂಬಗಳೆಲ್ಲ ಮಲಗಿದ್ದವು.

ಮನೆಗೆ ಕಾರು ಓಡಿಸಿದ್ದು ಸ್ವರ್ಣಲತಾಳೇ. ಹಿಂದಿನ ಸೀಟಿನಿಂದ ಅಲೋಶಿಯಸ್ ಮೆಲ್ಲಗೆ ಕೇಳಿದರು, “ಎಂತಾಯ್ತು ಮಾರಾಯ, ಪುನಃ ತಲೆ ತಿರುಗಿತಾ?”

“ಎಲ್ಲಿ ತಿರುಗಿತು?” ಎಂದ ಸುಂದರ. “ತಿರುಗಿದ್ರೆ ತುಳು ನೆನಪಾಗ್ತಿತ್ತಲ್ಲ!”